ಮುನಿನಾರಾಯಣಮ್ಮನ ಮಸ್ಕತ್ ಖಾತೆ

ಅಟ್ಟೂರಿನ ರಾಮಕೃಷ್ಣಪ್ಪನವರಿಗೆ ಒಂದು ಹೆಮ್ಮೆಯಿತ್ತು. ತಮಗೆ ಗೊತ್ತಿಲ್ಲದೆ ಈ ಮನೆಗೆ ಒಂದು ರೂಪಾಯಿ ಬರುವುದಿಲ್ಲ, ತಮ್ಮನ್ನು ಕೇಳದೆ ಒಂದು ರೂಪಾಯಿ ಹೋಗುವುದೂ ಇಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದರು. ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಹಾಲು, ತರಕಾರಿ, ಗ್ಯಾಸು ಎಲ್ಲದಕ್ಕೂ ಅವರ ಅಂಗಿಯ ಜೇಬಿನಿಂದಲೇ ದುಡ್ಡು ಹೊರಡಬೇಕು. ಮೇಲಿನ ಎರಡು ಅಂತಸ್ತಿನ ಬಾಡಿಗೆ ಮನೆಗಳನ್ನು ಹೆಂಡತಿ ಮುನಿನಾರಾಯಣಮ್ಮನ ಹೆಸರಿನಲ್ಲಿ ಕಟ್ಟಿಸಿದ್ದರು. ಆಕೆಯ ಹೆಸರಿನಲ್ಲೇ ಪ್ರತಿ ವರ್ಷ ಆದಾಯ ತೆರಿಗೆಯ ರಿಟರ್ನು ಹೋಗುತ್ತಿತ್ತು. ಬಾಡಿಗೆ ಎಣಿಸುವುದು ಮಾತ್ರ ರಾಮಕೃಷ್ಣಪ್ಪನವರ ಕೆಲಸ. ಇದರಲ್ಲಿ ತಪ್ಪೇನಿದೆ ಎಂದು ಅವರಿಗಾಗಲೀ ಊರಿನವರಿಗಾಗಲೀ ಎಂದೂ ಅನ್ನಿಸಿರಲಿಲ್ಲ.

ನವೆಂಬರ್ ಕೊನೆಯ ಒಂದು ಸಂಜೆ ಮನೆಯವರೆಲ್ಲ ನಡುಮನೆಯಲ್ಲಿ ಕೂತು, ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದರು. ವರ್ಷದ ಮೊದಲ ಅವರೆ. ಸೊಸೆ ಕಲಾವತಿ ಬೇಳೆಯ ಪಾತ್ರೆ ಹಿಡಿದಿದ್ದಳು. ಸೋಲದೇವನಹಳ್ಳಿಯ ಕಾಲೇಜಿಗೆ ಹೋಗುವ ಮೊಮ್ಮಗಳು ಸಂಹಿತಾ ಒಂದು ಕಾಳು ಹಿತುಕಿ ಎರಡು ಸಲ ಫೋನು ನೋಡುತ್ತಿದ್ದಳು. ಅಷ್ಟರಲ್ಲಿ ಹೆಬ್ಬಾಳದ ಕಾರು ಷೋರೂಮಿನ ಕೆಲಸ ಮುಗಿಸಿಕೊಂಡು ಮಗ ವಾಸು ಬಂದ. ತಾಯಿಯ ರಿಟರ್ನಿಗೆ ಅವನದೇ ಫೋನ್ ನಂಬರು ಕೊಟ್ಟಿದ್ದರು.

“ಅಮ್ಮಾ, ಇನ್‌ಕಮ್ ಟ್ಯಾಕ್ಸಿನವ್ರು ಮೆಸೇಜ್ ಕಳ್ಸಿದಾರೆ ನೋಡು. ನಿಂಗೆ ಫಾರಿನ್ನಲ್ಲಿ ಬ್ಯಾಂಕ್ ಅಕೌಂಟ್ ಇದೆಯಂತೆ. ರಿಟರ್ನಲ್ಲಿ ತೋರ್ಸಿಲ್ವಂತೆ. ಡಿಸೆಂಬರ್ ಮುಗಿಯೋದ್ರೊಳಗೆ ತಿದ್ದಿ ಹಾಕ್ಬೇಕಂತೆ!”

“ಪಕ್ಕಾ ಸ್ಕ್ಯಾಮ್ ಕಣಪ್ಪ” ಎಂದಳು ಸಂಹಿತಾ. “ಲಿಂಕ್ ಒತ್ಬೇಡ. ಆಮೇಲೆ ಪೊಲೀಸ್ ಡ್ರೆಸ್ ಹಾಕ್ಕೊಂಡು ವೀಡಿಯೊ ಕಾಲ್ ಮಾಡ್ತಾರೆ.”

ಎಲ್ಲರಿಗಿಂತ ಜೋರಾಗಿ ನಕ್ಕವರು ರಾಮಕೃಷ್ಣಪ್ಪ. “ಇವ್ಳಿಗಾ? ಯಲಹಂಕ ಸಂತೇಲಿ ಕೊತ್ತಂಬರಿ ಸೊಪ್ಪಿಗೆ ನನ್ ಮುಖ ನೋಡ್ತಾಳೆ ಇವ್ಳು. ಫಾರಿನ್ನಲ್ಲಿ ಅಕೌಂಟಂತೆ!”

ಮುನಿನಾರಾಯಣಮ್ಮ ನಗಲಿಲ್ಲ. ತಲೆ ಬಗ್ಗಿಸಿಕೊಂಡು ಹಿತುಕುತ್ತಲೇ ಇದ್ದರು. ಆಕೆ ಬೇಳೆಯನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಬೇಳೆಯ ಪಾತ್ರೆಗೂ ಹಾಕುತ್ತಿದ್ದುದನ್ನು ಕಲಾವತಿಯೊಬ್ಬಳು ನೋಡಿ, ಮೆಲ್ಲಗೆ ಸರಿಮಾಡಿದಳು.

ಶನಿವಾರ ಅಪ್ಪ-ಮಗ ಇಬ್ಬರೂ ಯಲಹಂಕ ನ್ಯೂಟೌನಿನ ಆಡಿಟರ್ ರೆಹಾನಾ ಅವರ ಕಚೇರಿಗೆ ಹೋದರು. ವಾಸುವಿನ ಜೊತೆ ಓದಿದ ಹೆಣ್ಣುಮಗಳು. ಮೂರು ವರ್ಷದಿಂದ ಇವರ ಮನೆಯ ರಿಟರ್ನು ಅವಳದೇ ಕೈಯಲ್ಲಿ. ಕಂಪ್ಯೂಟರಿನಲ್ಲಿ ಏನೇನೋ ತೆರೆದು ನೋಡಿ ಕನ್ನಡಕ ತೆಗೆದಳು.

“ಮೆಸೇಜ್ ನಿಜದ್ದೇ ಅಂಕಲ್. ಒಮಾನ್ ದೇಶ. ಮಸ್ಕತ್ತಿನ ಒಂದು ಬ್ಯಾಂಕಲ್ಲಿ ಆಂಟಿ ಹೆಸ್ರಲ್ಲಿ ಖಾತೆ ಇದೆ.”

“ಅವ್ರಿಗೆಂಗಮ್ಮ ಗೊತ್ತಾಯ್ತದೆ ಅದು?”

“ಈಗ ದೇಶ ದೇಶಗಳ ಮಧ್ಯೆ ಒಪ್ಪಂದ ಇದೆ. ಯಾರು ಎಲ್ಲಿ ವಾಸ ಇದಾರೆ ಅಂತ ಖಾತೆ ತೆರೆಯೋವಾಗ್ಲೇ ಬ್ಯಾಂಕಿನವ್ರು ಬರೆಸ್ಕೋತಾರೆ. ಆ ಬ್ಯಾಂಕು ಅಲ್ಲಿನ ಸರ್ಕಾರಕ್ಕೆ ಹೇಳುತ್ತೆ, ಅಲ್ಲಿನ ಸರ್ಕಾರ ವರ್ಷಕ್ಕೊಂದ್ಸಲ ನಮ್ಮ ಸರ್ಕಾರಕ್ಕೆ ಹೇಳುತ್ತೆ. ಹೆಸರು, ಪಾನ್ ನಂಬರು, ವರ್ಷದ ಕೊನೇಲಿ ಎಷ್ಟಿತ್ತು ಅನ್ನೋದು, ಎಲ್ಲ.”

ರಾಮಕೃಷ್ಣಪ್ಪ ಕುರ್ಚಿಯ ಬೆನ್ನಿಗೆ ಒರಗಿದರು. ಆಮೇಲೆ ಮೆಲ್ಲಗೆ ಅಂದರು: “ಅಂದ್ರೆ ನನ್ ಹೆಂಡ್ತಿ ವಿಷ್ಯ ಎರಡು ದೇಶದ ಸರ್ಕಾರಕ್ಕೆ ಗೊತ್ತೈತೆ. ನಂಗೊಬ್ಬಂಗೆ ಗೊತ್ತಿಲ್ಲ.”

ರೆಹಾನಾಗೆ ನಗು ಬಂದರೂ ನುಂಗಿಕೊಂಡಳು. ಮೊತ್ತ ಎಷ್ಟೆಂದು ಪರದೆ ತಿರುಗಿಸಿ ತೋರಿಸಿದಳು. ಅಂಥ ದೊಡ್ಡ ಐಶ್ವರ್ಯವಲ್ಲ, ಆದರೆ ಒಂದು ಹೊಸ ಕಾರು ಬರುವಷ್ಟು. ವಾಸು ಸಿಳ್ಳೆ ಹಾಕಲು ಹೋಗಿ ಅಪ್ಪನ ಮುಖ ನೋಡಿ ನಿಲ್ಲಿಸಿದ.

ಮನೆಗೆ ಬಂದಾಗ ಮುನಿನಾರಾಯಣಮ್ಮ ಮುದ್ದೆ ತಿರುವುತ್ತಿದ್ದರು. ಹಿತುಕಿದ ಬೇಳೆಯ ಸಾರಿನ ವಾಸನೆ ಬೀದಿಯ ತನಕ ಹೋಗಿತ್ತು. ರಾಮಕೃಷ್ಣಪ್ಪ ಕೈಕಾಲೂ ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಮಸ್ಕತ್‌ನಾಗೆ ನಿಂದೇನೈತೆ?”

“ಉಣ್ಣಿ ಮೊದ್ಲು. ಮುದ್ದೆ ಆರೋಯ್ತದೆ.”

“ಮೊದ್ಲು ಹೇಳು.”

“ದುಡ್ಡೈತೆ” ಎಂದರು ಆಕೆ, ಮುದ್ದೆಯನ್ನು ತಟ್ಟೆಗಿಡುತ್ತ.

ವಿಷಯ ಇಷ್ಟೇ. ಮುನಿನಾರಾಯಣಮ್ಮನ ತಮ್ಮ ಸುಬ್ರಮಣಿ ಮಸ್ಕತ್ತಿನಲ್ಲಿ ಏಸಿ ರಿಪೇರಿಯ ಮೇಸ್ತ್ರಿ. ಕೆಲವು ವರ್ಷದ ಹಿಂದೆ, ಮದುವೆಯಾಗಿ ಬಹಳ ಕಾಲದ ಮೇಲೆ ಅವನಿಗೆ ಮಗುವಾದಾಗ ಬಾಣಂತನಕ್ಕೆ ದೊಡ್ಡವರು ಯಾರೂ ಇರಲಿಲ್ಲವೆಂದು ಅಕ್ಕ ಮೂರು ತಿಂಗಳು ಅಲ್ಲಿಗೆ ಹೋಗಿ ಬಂದಿದ್ದರು. ಹೋಗುವಾಗ ಒಂದು ಡಬ್ಬಿ ಸಾರಿನ ಪುಡಿ ಕೊಂಡೊಯ್ದಿದ್ದರು. ಅಲ್ಲಿ ಒಗ್ಗರಣೆ ಬಿದ್ದ ಮಾರನೇ ದಿನವೇ ಪಕ್ಕದ ಮನೆಯ ಕನ್ನಡದವರು ಬಟ್ಟಲು ಹಿಡಿದು ಬಂದರು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು. “ಅಕ್ಕಾ, ಸುಮ್ನೆ ಕೊಡ್ಬೇಡ, ದುಡ್ಡು ಕೊಡ್ತಾರೆ” ಎಂದ ಸುಬ್ರಮಣಿ, ಆಕೆಯನ್ನು ಬ್ಯಾಂಕಿಗೆ ಕರೆದೊಯ್ದು ತನ್ನ ಹೆಸರಿನ ಜೊತೆ ಆಕೆಯ ಹೆಸರೂ ಸೇರಿಸಿ ಒಂದು ಖಾತೆ ತೆರೆಸಿದ್ದ. ಅಂದಿನಿಂದ ಅವನು ರಜೆಗೆ ಬಂದು ಹೋಗುವಾಗ, ಅವನ ಜೊತೆಯವರು ಬಂದು ಹೋಗುವಾಗ, ಪೆಟ್ಟಿಗೆ ಪೆಟ್ಟಿಗೆ ಪುಡಿ ಹೋಗುತ್ತಿತ್ತು. ಮಾರಿದ ದುಡ್ಡು ಖಾತೆಗೆ ಬೀಳುತ್ತಿತ್ತು.

ಮನೆಯವರಿಗೆ ಪುಡಿ ಹೋಗುವುದು ಗೊತ್ತಿತ್ತು. ತವರಿನವರಿಗೆ ಪ್ರೀತಿಯಿಂದ ಕಳಿಸುತ್ತಾಳೆ ಎಂದುಕೊಂಡಿದ್ದರು. ‘ನಿನ್ ತಮ್ಮ ಅದ್ರಲ್ಲೇ ಸ್ನಾನ ಮಾಡ್ತಾನಾ?’ ಎಂದು ರಾಮಕೃಷ್ಣಪ್ಪನೇ ಎಷ್ಟು ಸಲ ಗೇಲಿ ಮಾಡಿದ್ದರು.

“ಅಲ್ಲ ಕಣೇ” ಎಂದರು ಈಗ. ಕೋಪಕ್ಕಿಂತ ದಿಗ್ಭ್ರಮೆಯೇ ಹೆಚ್ಚು. “ಯಶವಂತಪುರದ ಮಾರ್ಕೆಟ್ ಯಾರ್ಡಿಂದ ಬ್ಯಾಡಗಿ ಮೆಣಸಿನಕಾಯಿ ಮೂಟೆ ಸ್ಕೂಟರಲ್ಲಿ ಕಟ್ಕೊಂಡ್ ಬಂದೋನು ಯಾರು? ಗಿರಣೀಲಿ ರಾಗಿ ಬೀಸಿದ್ಮೇಲೆ ಹಾಕಿಸ್ಬೇಡಿ, ಮೊದ್ಲು ಒಂದು ಹಿಡಿ ಅಕ್ಕಿ ಹಾಕಿ ಕಲ್ಲು ಚೊಕ್ಕ ಮಾಡ್ಸಿ ಅಂತ ನೀನು ಹೇಳಿ ಕಳ್ಸಿದ್ರೆ, ಸೀನ್ಕೊಂಡು ಸೀನ್ಕೊಂಡು ನಿಂತಿದ್ದೋನು ಯಾರು? ನನ್ ದುಡ್ಡಿನ ಮೆಣಸಿನಕಾಯಿ, ನಿನ್ ಹೆಸ್ರಿನ ಅಕೌಂಟಾ?”

“ನಿಮ್ ದುಡ್ಡಿನ ಮೆಣಸಿನಕಾಯಿ ಸರಿ. ಒಲೆ ಮುಂದೆ ಕೂತು ಹುರಿದೋಳು ಯಾರು?”

“ಒಂದ್ ಮಾತು ಹೇಳಕ್ಕೆ ಏನಾಗಿತ್ತು?”

ಆಕೆ ತಟ್ಟೆಗೆ ಸಾರು ಬಡಿಸಿದರು. ರಾಮಕೃಷ್ಣಪ್ಪ ತಟ್ಟೆಯನ್ನು ಆ ಕಡೆ ತಳ್ಳಿದರು.

“ಇವತ್ತಿಂದ ನಿನ್ ಪುಡಿ ಹಾಕಿದ್ದು ನಾನ್ ಉಣ್ಣಲ್ಲ.”

ಪಾಪ, ಪ್ರತಿಜ್ಞೆ ಮಾಡಲು ಅವರು ಆರಿಸಿಕೊಂಡ ಕಾಲ ಸರಿಯಿರಲಿಲ್ಲ. ಅವರೆಕಾಯಿಯ ಕಾಲ ಅದು. ದಿನಾ ಮನೆಯಲ್ಲಿ ಒಂದಲ್ಲ ಒಂದು ಬಗೆ, ಬೇಳೆ ಸಾರು, ಅವರೆ-ಬದನೆಕಾಯಿ, ಅವರೆ-ಮೊಟ್ಟೆ. ರಾಮಕೃಷ್ಣಪ್ಪ ಮೊಸರನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡು, ಬೇರೆಯವರ ತಟ್ಟೆಯ ಕಡೆ ನೋಡದೆ ಊಟ ಮಾಡಿ ಏಳುತ್ತಿದ್ದರು. ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ದರ್ಶಿನಿಗೆ ಹೋಗಿ ಇಡ್ಲಿ ತಿಂದು ಬರುತ್ತಿದ್ದರು. ಅಲ್ಲಿನ ಸಾಂಬಾರು ಬೆಲ್ಲದ ನೀರು ಎಂದು ಬೈದುಕೊಳ್ಳಲೂ ಜೊತೆಗೆ ಯಾರೂ ಇರಲಿಲ್ಲ.

ಮಾವನ ಕಷ್ಟ ನೋಡಲಾರದೆ ಕಲಾವತಿ ಒಂದು ದಿನ ಅಂಗಡಿಯ ಪ್ಯಾಕೆಟ್ ಪುಡಿ ತಂದು ಸಾರು ಮಾಡಿದಳು. ಸಂಹಿತಾ ಒಂದು ತುತ್ತಿಗೇ ಮುಖ ಕಿವುಚಿದಳು.

“ಅಮ್ಮಾ, ಇದೇನಿದು? ಇವರಿಬ್ಬರ ಜಗಳದಲ್ಲಿ ನಾವ್ಯಾಕೆ ಸಾಯ್ಬೇಕು?”

“ಸುಮ್ನೆ ತಿನ್ನೇ.”

“ತಾತಾ, ನೀವೇ ಹೇಳಿ, ಹೆಂಗಿದೆ?”

“ಚೆನ್ನಾಗೈತೆ” ಎಂದರು ತಾತ, ನೀರು ಕುಡಿಯುತ್ತ. ಬಾಗಿಲ ಬಳಿ ಕೂತಿದ್ದ ಮುನಿನಾರಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಅಳುವೋ ನಗುವೋ ರಾಮಕೃಷ್ಣಪ್ಪನಿಗೆ ತಿಳಿಯಲಿಲ್ಲ, ಕೇಳಲು ಮನಸ್ಸಿದ್ದರೂ ಮಾನ ಬಿಡಲಿಲ್ಲ.

ಡಿಸೆಂಬರ್ ಎರಡನೇ ವಾರದ ಭಾನುವಾರ ಸುಬ್ರಮಣಿ ಫೋನ್ ಮಾಡಿದ. ವಾಸು ಸ್ಪೀಕರ್ ಹಾಕಿ ಟೀಪಾಯಿಯ ಮೇಲಿಟ್ಟ.

“ಭಾವಾ, ತಪ್ಪು ನಂದೇ. ಅಕ್ಕ ಬೈತಾಳೆ ಅಂತ ನಾನೂ ಬಾಯಿ ಬಿಟ್ಟಿರ್ಲಿಲ್ಲ. ಈಗ ಒಂದು ದಾರಿ ಐತೆ. ಆ ದುಡ್ಡೆಲ್ಲ ನಂದೇ, ಅಕ್ಕಂದು ಬರೀ ಹೆಸ್ರು, ಕೇಳಿದ್ ಕಡೆ ಸೈನ್ ಹಾಕಿದ್ಲು, ಅವ್ಳಿಗೇನೂ ಗೊತ್ತಿಲ್ಲ ಅಂತ ಬರ್ಕೊಡ್ತೀನಿ. ನಾನು ಇಲ್ಲೇ ಇರೋನು, ನಂಗೆ ಅಲ್ಲಿ ಟ್ಯಾಕ್ಸಿಲ್ಲ. ಆಮೇಲೆ ಯಾವಾಗಾದ್ರೂ ಅಕ್ಕಂಗೆ ಕೊಟ್ರಾಯ್ತು.”

“ಸೂಪರ್ ಮಾಮ!” ಎಂದ ವಾಸು. “ಖಾತೆ ಇದೆ ಅಂತ ರಿಟರ್ನಲ್ಲಿ ತೋರ್ಸಿದ್ರೆ ಆಯ್ತು. ಹಳೇ ವರ್ಷದ್ದೆಲ್ಲ ತೆರಿಗೆ, ಬಡ್ಡಿ ಅಂತ ತಲೆನೋವಿಲ್ಲ. ಅಪ್ಪಾ, ನೀವೇನಂತೀರಿ?”

ರಾಮಕೃಷ್ಣಪ್ಪನಿಗೆ ನಿಜ ಹೇಳಬೇಕೆಂದರೆ ಒಳಗೊಳಗೆ ಹಾಯೆನಿಸಿತು. ಹೆಂಡತಿಗೆ ಏನೂ ಗೊತ್ತಿರಲಿಲ್ಲ ಎಂದಾದರೆ, ತಮಗೆ ಗೊತ್ತಿಲ್ಲದೆ ಏನೂ ನಡೆದಿರಲಿಲ್ಲ ಎಂದೂ ಆಯಿತಲ್ಲ. “ಅಂಗೇ ಮಾಡ್ಲಿ” ಎಂದರು ಗತ್ತಿನಿಂದ.

ಮುನಿನಾರಾಯಣಮ್ಮನನ್ನು ಯಾರೂ ಕೇಳಲಿಲ್ಲ. ಆಕೆ ಲೋಟಗಳನ್ನೆತ್ತಿಕೊಂಡು ಒಳಗೆ ಹೋದರು.

ಮೂರ್ನಾಲ್ಕು ದಿನ ಕಳೆದಿತ್ತು. ರಾಮಕೃಷ್ಣಪ್ಪ ದರ್ಶಿನಿಯಿಂದ ವಾಪಸ್ಸು ಬಂದು ಗೇಟು ತೆರೆಯುತ್ತಿದ್ದಾಗ ಮೇಲಿನ ಮನೆಯ ಬಾಡಿಗೆಯ ಹುಡುಗಿ ಫರ್ಹೀನ್, ಎರಡು ಕೈಯಲ್ಲೂ ಒಂದು ದೊಡ್ಡ ಕಬ್ಬಿಣದ ಬಾಣಲೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

“ಅದ್ನೆಲ್ಲಿಗಮ್ಮ ತಗೊಂಡೋಗ್ತಿದ್ದೀಯ?”

“ಆಂಟಿ ಕೊಟ್ರು ಅಂಕಲ್. ಇನ್ಮೇಲೆ ಅವ್ರಿಗೆ ಬೇಡ್ವಂತೆ. ನಮ್ಮನೇಲಿ ಬಿರಿಯಾನಿ ಮಸಾಲೆ ಹುರಿಯಕ್ಕೆ ಇಟ್ಕೋ ಅಂದ್ರು.”

ಮೆಣಸಿನಕಾಯಿ ಹುರಿಯುವ ಬಾಣಲೆ ಅದು. ಇಷ್ಟು ವರ್ಷ ಹಿತ್ತಿಲಿನ ಸೌದೆ ಒಲೆಯ ಮೇಲೆ ಆ ಬಾಣಲೆ ಏರಿದ ದಿನ ಬೀದಿಯವರೆಲ್ಲ ಕೆಮ್ಮುತ್ತಿದ್ದರು. ಮುನಿನಾರಾಯಣಮ್ಮ ಮಾತ್ರ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಕೈಯಾಡಿಸುತ್ತಲೇ ಇರುತ್ತಿದ್ದರು. ಹದ ತಪ್ಪಿದರೆ ಬಣ್ಣ ಹೋಗುತ್ತದೆ ಎಂದು ಸೊಸೆಯ ಕೈಗೂ ಕೊಡುತ್ತಿರಲಿಲ್ಲ. ರಾಮಕೃಷ್ಣಪ್ಪ ಹಿತ್ತಿಲಿಗೆ ಹೋದರು. ಆಕೆ ಒಲೆಯ ಕಲ್ಲುಗಳನ್ನು ಗೋಡೆಗೆ ಒರಗಿಸಿ ಬೂದಿ ಗುಡಿಸುತ್ತಿದ್ದರು.

“ಬಾಣಲೆ ಯಾಕ್ ಕೊಟ್ಟೆ?”

“ಇನ್ನೇನ್ ಕೆಲ್ಸ ಅದ್ರಲ್ಲಿ? ಮನೆಗೆ ಚಿಕ್ದು ಸಾಕು.”

“ಪುಡಿ ಕಳ್ಸಲ್ವಾ?”

“ಏನೂ ಗೊತ್ತಿಲ್ದಿರೋಳು ಪುಡಿ ಎಂಗ್ ಮಾಡ್ತಾಳೆ?”

ಮಾತು ನಾಟಿತು. ರಾಮಕೃಷ್ಣಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಎಷ್ಟೋ ದಿನದ ಮೇಲೆ ಹೆಂಡತಿಯ ಜೊತೆ ಕೂತಿದ್ದು.

“ನಾರಾಣಮ್ಮ, ಯಾತಕ್ಕೆ ಕೂಡಿಟ್ಟೆ ಆ ದುಡ್ಡು? ಒಡವೆಗಾ? ಸಂಹಿತಾ ಮದ್ವೆಗಾ?”

“ಯಾತಕ್ಕೂ ಇಲ್ಲ.”

“ಯಾತಕ್ಕೂ ಇಲ್ದೆ ಯಾರಾದ್ರೂ ದುಡ್ಡು ಕೂಡಿಡ್ತಾರಾ?”

“ನನ್ ಹೆಸ್ರಲ್ಲಿ ನಾಕು ಮನೆ ಐತೆ ಅಂತ ಊರೆಲ್ಲ ಹೇಳ್ತದೆ. ಅದೆಲ್ಲ ನಿಮ್ದು. ನನ್ ಕೈಯಿಂದ ಆಗಿದ್ದು ಅಂತ ಒಂದು ಇರ್ಲಿ ಅಂತ ಇತ್ತು, ಅಷ್ಟೇಯ. ಸುಬ್ರಮಣಿ ಫೋನ್ ಮಾಡಿ ‘ಅಕ್ಕಾ, ಇವತ್ತು ಇಷ್ಟಾಯ್ತು’ ಅಂದ್ರೆ ಹೊಟ್ಟೆ ತುಂಬ್ತಿತ್ತು. ಖರ್ಚು ಮಾಡ್ಬೇಕು ಅಂತಾನೇ ಅನ್ನಿಸ್ಲಿಲ್ಲ.”

“ನೀನು ಕೇಳಿದ್ರೆ ನಾನ್ ಕೊಡ್ತಿರ್ಲಿಲ್ವೇನೇ?”

“ಕೊಡ್ತಿದ್ರಿ. ಇಲ್ಲ ಅಂದೋರಲ್ಲ ನೀವು” ಎಂದರು ಮುನಿನಾರಾಯಣಮ್ಮ, ಪೊರಕೆ ಕೆಳಗಿಡುತ್ತ. “ಆದ್ರೆ ಕೇಳ್ಬೇಕಲ್ಲ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ರಾಮಕೃಷ್ಣಪ್ಪನನ್ನು ಹೆಚ್ಚು ಕಾಡಿತು. ಸಿಟ್ಟು ಮಾಡಿದ್ದರೆ ತಾವೂ ತಿರುಗಿ ಕೂಗಿ ಹಗುರಾಗಬಹುದಿತ್ತು. ಆ ದಿನವೆಲ್ಲ ಅವರು ಬೀದಿಯ ತುದಿಯ ಅರಳಿಕಟ್ಟೆಯಲ್ಲಿ ಕೂತರು. ಸ್ನೇಹಿತರು ಕರೆದರೂ ಇಸ್ಪೀಟಿಗೆ ಕೈ ಹಾಕಲಿಲ್ಲ. ತಮ್ಮ ಮೊದಲ ಸಂಬಳದ ದಿನ ಕಾರ್ಖಾನೆಯ ಗೇಟಿನಿಂದ ಮನೆಯ ತನಕ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ಬಂದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಆ ಸುಖ ಅವರಿಗೆ ತಿಂಗಳು ತಿಂಗಳೂ ಸಿಕ್ಕಿತ್ತು. ಅವಳಿಗೆ ಅರವತ್ತರ ಹತ್ತಿರ ಸಿಕ್ಕಿತು, ಅದೂ ಕದ್ದು. ತಾನು ಒಳ್ಳೆಯ ಗಂಡನೆಂದೇ ಇಷ್ಟು ಕಾಲ ನಂಬಿದ್ದವರಿಗೆ ಬಹಳ ನಾಚಿಕೆಯಾಯಿತು.

ವರ್ಷ ಮುಗಿಯಲು ಇನ್ನೇನು ಒಂದು ವಾರವಿದೆ ಎನ್ನುವಾಗ ಗಂಡ, ಹೆಂಡತಿ, ಮಗ ಮೂವರೂ ರೆಹಾನಾಳ ಕಚೇರಿಗೆ ಹೊರಟರು. ವಾಸುವಿನ ಕಾರಿನಲ್ಲಿ ಮುನಿನಾರಾಯಣಮ್ಮ ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದರು. ಸುಬ್ರಮಣಿ ಬರೆದು ಸಹಿ ಮಾಡಿ ಕಳಿಸಿದ ಕಾಗದ ವಾಸುವಿನ ಫೈಲಿನಲ್ಲಿತ್ತು. ರೆಹಾನಾ ಅದನ್ನು ಓದಿ ಮೇಜಿನ ಮೇಲಿಟ್ಟಳು.

“ಇದ್ರ ಪ್ರಕಾರ ದುಡ್ಡು ನಿಮ್ಮ ತಮ್ಮಂದು. ನಿಮ್ಮದು ಹೆಸರು ಮಾತ್ರ, ನಿಮಗೆ ಏನೂ ಗೊತ್ತಿಲ್ಲ. ಹೌದಾ ಆಂಟಿ? ಹೌದು ಅಂದ್ರೆ ನಾನು ಹಾಗೇ ಹಾಕ್ತೀನಿ. ಕೆಳಗೆ ನೀವೂ ಸಹಿ ಮಾಡ್ಬೇಕು. ಇಲ್ಲ ಅಂದ್ರೆ ಇಲ್ಲ ಅಂತ ಈಗ್ಲೇ ಹೇಳ್ಬಿಡಿ, ಸುಳ್ಳಿಗೆ ನಾನು ಕೈ ಹಾಕಲ್ಲ.”

“ಹೌದು ರೆಹಾನಾ, ಹಾಗೇ” ಎಂದ ವಾಸು.

“ನಿನ್ನ ಕೇಳ್ಲಿಲ್ಲ ಕಣೋ.”

ಮುನಿನಾರಾಯಣಮ್ಮ ಕಾಗದ ನೋಡಿದರು, ಮಗನ ಮುಖ ನೋಡಿದರು. “ಮಗಂಗೆ ಯಾಕಮ್ಮ ತೊಂದ್ರೆ… ಏನೋ ಒಂದು, ಬರ್ಕೊಳ್ಳಿ” ಎಂದು ಪೆನ್ನಿಗೆ ಕೈ ಚಾಚಿದರು.

“ಇರು” ಎಂದರು ರಾಮಕೃಷ್ಣಪ್ಪ.

ಎಲ್ಲರೂ ತಿರುಗಿ ನೋಡಿದರು. ಅವರು ಎರಡು ಸಲ ಕೆಮ್ಮಿದರು.

“ಆ ದುಡ್ಡು ಇವ್ಳದ್ದಮ್ಮ. ಮೆಣಸಿನಕಾಯಿ ಹುರಿದೋಳು ಇವ್ಳು, ಧನಿಯಾ ಆರಿಸ್ದೋಳು ಇವ್ಳು. ಹದ ಇವ್ಳದ್ದು, ಕೈ ಇವ್ಳದ್ದು. ನಾನು ಸಾಕ್ಷಿ. ಎಲ್ಲಾ ಮೂಟೆ ಹೊತ್ತೋನು ನಾನು, ಗಿರಣೀಲಿ ನಿಂತೋನು ನಾನು. ಇವ್ಳಿಗೆ ಏನೂ ಗೊತ್ತಿಲ್ಲ ಅಂತ ಬರೆದ್ರೆ, ಅದು ನಮ್ಮನೇಲಿ ಹೇಳಿರೋ ಸುಳ್ಳಲ್ಲೆಲ್ಲ ದೊಡ್ಡ ಸುಳ್ಳು. ಏನೂ ಗೊತ್ತಿಲ್ದೋನು ನಾನು. ಬೇಕಾದ್ರೆ ನನ್ ಬಗ್ಗೆ ಬರ್ಕೊಳ್ಳಿ ಅಂಗಂತ.”

“ಅಪ್ಪಾ, ತೆರಿಗೆ ಜಾಸ್ತಿ ಬೀಳುತ್ತೆ!” ಎಂದ ವಾಸು. “ಹಳೇ ವರ್ಷದ್ದೆಲ್ಲ ಕಟ್ಬೇಕಾಗುತ್ತೆ. ಬಡ್ಡಿ ಬೇರೆ.”

“ಬೀಳ್ಲಿ ಬಿಡೋ. ಸಂಪಾದ್ನೆ ಮಾಡಿದೋರ್ಗೆ ತಾನೆ ತೆರಿಗೆ ಬೀಳೋದು?”

ಮುನಿನಾರಾಯಣಮ್ಮ ಗಂಡನನ್ನೇ ನೋಡುತ್ತಿದ್ದರು. ಮದುವೆಯ ದಿನ ಅಂತರಪಟ ಸರಿಸಿದಾಗಲೂ ಹಾಗೆ ನೋಡಿದ್ದರೋ ಇಲ್ಲವೋ. ಆಮೇಲೆ ಪೆನ್ನು ಕೆಳಗಿಟ್ಟು ರೆಹಾನಾಳ ಕಡೆ ತಿರುಗಿದರು. ಅವರ ಬೆನ್ನು ನೆಟ್ಟಗಾಗಿತ್ತು.

“ನಂದೇ ಕಣಮ್ಮ. ಎಷ್ಟಾಯ್ತದೆ ಹೇಳು, ಕಟ್ತೀನಿ. ಅದ್ರಲ್ಲೇ ತೆಗ್ದು ಕಟ್ತೀನಿ.”

ರೆಹಾನಾ ನಕ್ಕು ಕಂಪ್ಯೂಟರಿನ ಕಡೆ ತಿರುಗಿದಳು. ಈ ವರ್ಷದ್ದನ್ನು ಈಗಲೇ ತಿದ್ದಿ ಹಾಕೋಣ, ಹಿಂದಿನ ವರ್ಷಗಳದ್ದನ್ನೂ ಒಂದೊಂದಾಗಿ ಸರಿಮಾಡಿ ತೆರಿಗೆ ಕಟ್ಟಿಬಿಡೋಣ, ನೋಟೀಸು ಕೊಟ್ಟು ಕೇಳುವ ಮೊದಲೇ ಒಪ್ಪಿಕೊಂಡವರಿಗೆ ಅಷ್ಟು ಭಯವಿಲ್ಲ ಎಂದಳು. ಖರ್ಚು ಕಳೆಯಬೇಕಲ್ಲ, ಮೆಣಸಿನಕಾಯಿ ಯಾರ ದುಡ್ಡಿನಲ್ಲಿ ತಂದಿದ್ದು ಎಂದು ಕೇಳಿದಾಗ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಮಾತಾಡಿದರು.

“ನಂದು” ಎಂದರು ರಾಮಕೃಷ್ಣಪ್ಪ.

“ಮನೆಗೆ ಅಂತ ತಂದಿದ್ದು ಅದು. ಮಿಕ್ಕಿದ್ದು ತಾನೆ ಕಳ್ಸಿದ್ದು!”

“ಮಿಕ್ಕಿದ್ದಾ? ಮೂಟೆಗಟ್ಲೆ ಮಿಕ್ತದಾ?”

“ನಲವತ್ತು ವರ್ಷ ಬೇಯ್ಸಿ ಹಾಕಿದ್ದು ಯಾರ್ ಖರ್ಚಲ್ಲಿ ಬರ್ಕೊಂಡಿದ್ದೀರಿ?”

“ಇಬ್ರೂ ಹೊರಗೆ ಕೂತು ತೀರ್ಮಾನ ಮಾಡ್ಕೊಂಡ್ ಬನ್ನಿ” ಎಂದಳು ರೆಹಾನಾ. ವಾಸು ಹಣೆ ಹಣೆ ಚಚ್ಚಿಕೊಂಡರೂ ತುಟಿಯಂಚಿನಲ್ಲಿ ನಗುತ್ತಿದ್ದ.

ಮನೆಗೆ ಬಂದ ರಾಮಕೃಷ್ಣಪ್ಪ ಚಪ್ಪಲಿ ಬಿಡದೆ ನೇರ ಮೇಲಿನ ಮನೆಗೆ ಹತ್ತಿದರು. ಬಾಡಿಗೆ ಕೇಳಲು ಬಂದರೇನೋ ಎಂದು ಫರ್ಹೀನ್ ಗಾಬರಿಯಾದಳು. “ಬಾಣಲೆ ವಾಪಸ್ ಬೇಕಿತ್ತಮ್ಮ” ಎಂದರು ಅವರು, ಸಂಕೋಚದಿಂದ. “ನಿಂಗೆ ಬೇರೆ ಹೊಸದು ಕೊಡಿಸ್ತೀನಿ.” ಬಾಣಲೆ ಹೊತ್ತು ಇಳಿದು ಹಿತ್ತಿಲಿನಲ್ಲಿಟ್ಟರು. ಆ ದಿನ ಊಟಕ್ಕೆ ಕೂತು ಯಾರೂ ಕರೆಯುವ ಮೊದಲೇ ತಟ್ಟೆ ಮುಂದಕ್ಕೆ ಸರಿಸಿದರು. ಅವರೆ ಸಾರು ಮೂರು ಸಲ ಬಡಿಸಿಕೊಂಡರು. ಸಂಹಿತಾ ಫೋನಿನಲ್ಲಿ ಫೋಟೊ ತೆಗೆಯಲು ಹೋದಾಗ, ಉಣ್ಣುವವರನ್ನು ಕೆಣಕಬಾರದೆಂದು ಕಲಾವತಿ ಅವಳ ಕೈಗೆ ಒಂದು ಏಟು ಕೊಟ್ಟಳು.

ಜನವರಿಯಲ್ಲಿ ಕಲಾವತಿ ಅತ್ತೆಯನ್ನು ಕರೆದೊಯ್ದು ನ್ಯೂಟೌನಿನ ಬ್ಯಾಂಕಿನಲ್ಲಿ ಆಕೆಯೊಬ್ಬಳ ಹೆಸರಿನಲ್ಲೇ ಒಂದು ಖಾತೆ ತೆರೆಸಿದಳು. ಸುಬ್ರಮಣಿ ಮಸ್ಕತ್ತಿನಿಂದ ದುಡ್ಡು ಹಾಕಿದ. ಹಿಂದಿನ ವರ್ಷಗಳ ತೆರಿಗೆಯನ್ನೂ ಕಟ್ಟಿದ್ದಾಯಿತು. ಕಟ್ಟುವಾಗ ಮುನಿನಾರಾಯಣಮ್ಮನ ಮುಖದಲ್ಲಿದ್ದ ಗತ್ತನ್ನು ಮನೆಯವರೆಲ್ಲ ಹಲವು ದಿನ ಅಣಕಿಸಿ ತೋರಿಸಿದರು.

ಸಂಕ್ರಾಂತಿಯ ಮಾರನೇ ದಿನ ಬೆಳಿಗ್ಗೆ ರಾಮಕೃಷ್ಣಪ್ಪ ಸ್ಕೂಟರ್ ಒರೆಸುತ್ತಿದ್ದಾಗ ಹೆಂಡತಿ ಕೈಚೀಲ ಹಿಡಿದು ಬಂದು ಎದುರಿಗೆ ನಿಂತರು.

“ಯಶವಂತಪುರಕ್ಕೆ ಓಗ್ಬನ್ನಿ. ಸುಬ್ರಮಣಿ ಕಡೆಯೋರು ಮುಂದಿನ ತಿಂಗ್ಳು ಹೊರಡ್ತಾರಂತೆ. ಬ್ಯಾಡಗಿ ಒಂದು ಮೂಟೆ, ಗುಂಟೂರು ಅರ್ಧ. ತೊಟ್ಟು ನೋಡಿ ತಗೊಳ್ಳಿ.”

“ಆಯ್ತು” ಎಂದು ಅವರು ರೂಢಿಯಂತೆ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಮುನಿನಾರಾಯಣಮ್ಮ ಸೆರಗಿನ ಗಂಟು ಬಿಚ್ಚಿ, ಮಡಿಸಿದ ನೋಟುಗಳನ್ನು ತೆಗೆದು, ಗಂಡನ ಕೈಹಿಡಿದು ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ರಾಮಕೃಷ್ಣಪ್ಪ ಮುಚ್ಚಿದ ಕೈಯನ್ನು ನೋಡುತ್ತ ಒಂದು ಗಳಿಗೆ ನಿಂತರು. ಆಮೇಲೆ ಎಣಿಸದೆ ಜೇಬಿಗಿಟ್ಟುಕೊಂಡು ಸ್ಕೂಟರ್ ಹತ್ತಿದರು.

ಗೇಟು ದಾಟುವಾಗ ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು.

“ಮಿಕ್ಕಿದ್ ಚಿಲ್ರೆ ತಂದ್ಕೊಡ್ಬೇಕು, ಆಯ್ತಾ?”